ಗ್ಯಾಸ್ ಗುಳಿಗೆಗೆ ಅಂಕ ಕಡಿಮೆ ಯಾಕೆ?

"ಔಷಧದ ಬಗ್ಗೆ ರೋಗಿಯ ತೃಪ್ತಿ" ಅಂತ ನಮ್ಮ ಫಾರ್ಮಸಿ ಪಾಠದಲ್ಲಿ ಎರಡೇ ಸಾಲು ಇದೆ. ಅದು ನನ್ನ ತಲೆಗೆ ಹತ್ತಿದ್ದು ಬಾಗಲಕೋಟೆ ನವನಗರದ ಒಂದು ಔಷಧಿ ಅಂಗಡಿಯಲ್ಲಿ ತರಬೇತಿಗೆ ನಿಂತಾಗ.

ಒಬ್ಬ ಅಜ್ಜ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಎಂಬ ಗ್ಯಾಸ್ ಗುಳಿಗೆಯ ಸ್ಟ್ರಿಪ್ ಹಿಡಿದು ಬಂದರು. ಮೂರು ಗುಳಿಗೆ ಖಾಲಿ. "ಈ ಗುಳಿಗಿ ಏನೂ ಕೆಲಸ ಮಾಡವಲ್ದು ತಮ್ಮಾ, ಬ್ಯಾರೇದು ಕೊಡು" ಅಂದರು. ಯಾವಾಗ ತಗೋತೀರಿ ಅಜ್ಜಾರ ಅಂತ ಕೇಳಿದೆ. "ರೊಟ್ಟಿ ಉಂಡ ಮ್ಯಾಲ ಎದಿ ಉರೀತೈತಲ್ಲ, ಆವಾಗ."

ಸಮಸ್ಯೆ ಇರುವುದೇ ಅಲ್ಲಿ. ಜಠರದ ಗೋಡೆಯ ಪರೈಟಲ್ ಕೋಶಗಳಲ್ಲಿ ಆಮ್ಲ ಸುರಿಸುವ ಪ್ರೋಟಾನ್ ಪಂಪುಗಳಿವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗುಳಿಗೆಗಳು ಅವಕ್ಕೆ ಅಂಟಿಕೊಂಡು ಬಂದ್ ಮಾಡುತ್ತವೆ. ಆದರೆ ಓಡುತ್ತಿರುವ ಪಂಪನ್ನು ಮಾತ್ರ, ಸುಮ್ನೆ ಮಲಗಿರುವುದನ್ನಲ್ಲ. ಪಂಪು ಏಳುವುದು ಊಟ ಹೊಟ್ಟೆಗೆ ಬಿದ್ದಾಗ. ಔಷಧದ ಅರ್ಧಾಯುಷ್ಯವೋ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ, ಒಂದೆರಡು ಗಂಟೆ ಅಷ್ಟೇ. ಅದಕ್ಕೇ ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಬೇಕು. ಒಂದೇ ದಿನಕ್ಕೆ ಎಲ್ಲಾ ಪಂಪೂ ಸಿಗುವುದಿಲ್ಲ, ಪೂರ್ತಿ ಪರಿಣಾಮ ಕಾಣಲು 3ರಿಂದ 5 ದಿನ ಬೇಕು. ಅಜ್ಜ ಮೂರನೇ ದಿನಕ್ಕೇ ತೀರ್ಪು ಕೊಟ್ಟಿದ್ದರು!

ಆಂಟಾಸಿಡ್ ಸಿರಪ್ಪು ಇದಕ್ಕೆ ಉಲ್ಟಾ. ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲವನ್ನು ಕೆಲವೇ ನಿಮಿಷದಲ್ಲಿ ತಣ್ಣಗೆ ಮಾಡುತ್ತದೆ, ಸ್ವಲ್ಪ ಹೊತ್ತಿಗೆ ಅದರ ಕೆಲಸ ಮುಗಿಯುತ್ತದೆ. ಅನ್ನನಾಳದ ಹುಣ್ಣು ಮಾಯಿಸುವುದರಲ್ಲಿ ಗುಳಿಗೆಯೇ ಮುಂದೆ. ಆದರೂ ಹೊಗಳಿಕೆ ಜಾಸ್ತಿ ಸಿರಪ್ಪಿಗೆ, ಅಲ್ವಾ?

ಬೈಗುಳ ಯಾವಾಗಲೂ ಸುಳ್ಳಲ್ಲ ಅನ್ನೋದನ್ನೂ ಬರೆದುಕೊಳ್ಳಿ. ಗುಳಿಗೆ ಆಮ್ಲ ಕಡಿಮೆ ಮಾಡುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬರುವುದನ್ನು ತಡೆಯುವುದಿಲ್ಲ. ಹಾಗಾಗಿ ಎದೆಯುರಿ ಇಳಿದವರೂ "ಬಾಯಿಗೆ ನೀರು ಬರೋದು ನಿಂತಿಲ್ಲ" ಅಂತ ದೂರುತ್ತಾರೆ. ಇನ್ನು ಕೆಲವರ ಉರಿಗೆ ಆಮ್ಲ ಕಾರಣವೇ ಅಲ್ಲ.

ಹೊಗಳಿಕೆಯನ್ನೂ ಪೂರ್ತಿ ನಂಬಬೇಡಿ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಕೆಲವರಿಗೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಮತ್ತೆ ನುಂಗಿದ ಕೂಡಲೇ ಹಾಯೆನಿಸುತ್ತದೆ. "ಇದಿಲ್ದ ನಡ್ಯಾಂಗಿಲ್ಲ" ಅನ್ನುವವರಲ್ಲಿ ಇಂಥವರೂ ಇರುತ್ತಾರೆ.

ತೃಪ್ತಿ ಅಳೆಯಲು ಟಿಎಸ್‌ಕ್ಯೂಎಂ ಎಂಬ ಪ್ರಶ್ನಾವಳಿ ಇದೆ. ಪರಿಣಾಮ, ಅಡ್ಡಪರಿಣಾಮ, ಬಳಸಲು ಅನುಕೂಲ, ಒಟ್ಟಾರೆ ತೃಪ್ತಿ ಅಂತ ನಾಲ್ಕು ಭಾಗ, ಪ್ರತಿಯೊಂದಕ್ಕೂ 0ರಿಂದ 100ರವರೆಗೆ ಅಂಕ. ಊಟಕ್ಕೆ ಮೊದಲೋ ಆಮೇಲೋ ಅಂತ ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ಕೌಂಟರಿನಲ್ಲಿ ನಿಂತ ನಾವು.

ಅಜ್ಜನಿಗೆ ಬೇರೆ ಗುಳಿಗೆ ಕೊಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನುಂಗಿ, ಅರ್ಧ ತಾಸು ಬಿಟ್ಟು ರೊಟ್ಟಿ ತಿನ್ನಿರಿ ಅಂದೆ. "ಚಾ?" ಅಂದರು. ಅದೂ ಆಮೇಲೇ ಅಂದೆ. ಸ್ಟ್ರಿಪ್ಪನ್ನು ಅಂಗಿ ಜೇಬಿಗೆ ಹಾಕಿಕೊಂಡು, "ಚಾ ಬಿಟ್ಟು ಅರ್ಧ ತಾಸು ಅಂದ್ರ ಕಷ್ಟ ಐತಿ ನೋಡಪಾ" ಅಂತ ಹೋದರು. ಅನುಕೂಲದ ಭಾಗದಲ್ಲಿ ಅಂಕ ಹೋದದ್ದು ನನಗೆ ಅಲ್ಲೇ ಗೊತ್ತಾಯಿತು.