ರೆವ್ ಲಿಮಿಟರ್ ಮತ್ತು ಲಾಂಚ್ ಕಂಟ್ರೋಲ್ ಅಳವಡಿಕೆ: ತಡೆದ ಶಕ್ತಿ ಎಲ್ಲಿಗೆ ಹೋಗುತ್ತದೆ?

ಕಾರಿನ ಜೊತೆಗೆ ಬಾರದ, ಹೊರಗಿನಿಂದ ಕೊಂಡು ತಂದ ರೆವ್ ಲಿಮಿಟರ್ (ಎಂಜಿನ್ ನಿಗದಿತ ವೇಗವನ್ನು ಮೀರದಂತೆ ತಡೆಯುವ ಸಾಧನ) ಅಥವಾ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಹೊರಡುವಾಗ ಎಂಜಿನ್ ವೇಗವನ್ನು ಹಿಡಿದಿಡುವ ಸಾಧನ) ಅನ್ನು ಅಳವಡಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಅದನ್ನು ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳಿಗೆ) ನಿಲ್ಲಿಸಬೇಕು ಎಂಬುದು. ಈ ವಿಷಯವನ್ನು ಕಲಿಯುತ್ತ ಹೋದಂತೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎಂದು ನನಗೆ ಮನವರಿಕೆಯಾಗಿದೆ. ಲಿಮಿಟರ್ ಏನನ್ನು ತಡೆಯುತ್ತದೆ, ಹಾಗೆ ತಡೆದಾಗ ಉಳಿದುಹೋದ ಇಂಧನ, ಶಾಖ ಮತ್ತು ತಿರುಗುವ ಭಾಗಗಳಲ್ಲಿನ ಶಕ್ತಿ ಎಲ್ಲಿಗೆ ಸೇರುತ್ತವೆ ಎಂಬುದನ್ನು ಮೊದಲು ತಿಳಿದುಕೊಂಡರೆ ಸಂಖ್ಯೆಯನ್ನು ಆರಿಸುವುದು ಕಷ್ಟವಲ್ಲ. ಆದ್ದರಿಂದ ಈ ಟಿಪ್ಪಣಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮಿತಿ ಏಕೆ ಬೇಕು

ಪಿಸ್ಟನ್ ತನ್ನ ಓಟದ ತುದಿಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆ. ಹೀಗೆ ಹಿಂದಿರುಗಿಸಲು ಬೇಕಾಗುವ ಬಲವು ಎಂಜಿನ್ ವೇಗದ ವರ್ಗಕ್ಕೆ ಅನುಪಾತವಾಗಿ ಏರುತ್ತದೆ. 86 ಮಿಲಿಮೀಟರ್ ಸ್ಟ್ರೋಕ್ ಮತ್ತು 139 ಮಿಲಿಮೀಟರ್ ಉದ್ದದ ಕನೆಕ್ಟಿಂಗ್ ರಾಡ್ ಇರುವ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 7,000 ಆರ್‌ಪಿಎಂನಲ್ಲಿ ಮೇಲ್ತುದಿಯಲ್ಲಿ ಪಿಸ್ಟನ್ನಿನ ವೇಗೋತ್ಕರ್ಷವು ಗುರುತ್ವಾಕರ್ಷಣೆಯ 3,000 ಪಟ್ಟಿಗಿಂತ ಹೆಚ್ಚಾಗುತ್ತದೆ. ಪಿನ್ ಮತ್ತು ರಿಂಗುಗಳನ್ನು ಸೇರಿಸಿ ಪಿಸ್ಟನ್ 400 ಗ್ರಾಂ ತೂಗುವುದಾದರೆ, ಆ ಕ್ಷಣದಲ್ಲಿ ರಾಡನ್ನು ಎಳೆಯುವ ಬಲವು 1,200 ಕಿಲೋಗ್ರಾಂ ಭಾರಕ್ಕೆ ಸಮನಾಗಿರುತ್ತದೆ. ಅದೇ ಎಂಜಿನ್ನನ್ನು 8,000ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಶೇ. 14ರಷ್ಟು ಮಾತ್ರ, ಆದರೆ ಬಲವು ಶೇ. 31ರಷ್ಟು ಹೆಚ್ಚಿ 1,600 ಕಿಲೋಗ್ರಾಂಗಳ ಸಮೀಪಕ್ಕೆ ಬರುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಸಿಲಿಂಡರಿನೊಳಗೆ ಎದುರೊತ್ತುವ ಒತ್ತಡ ಇಲ್ಲದಿರುವುದರಿಂದ, ಈ ಎಳೆತವೆಲ್ಲ ರಾಡಿನ ಬೋಲ್ಟುಗಳ ಮೇಲೆ ಬೀಳುತ್ತದೆ.

ವಾಲ್ವ್‌ಗಳ ಕಡೆಯಿಂದ ಇನ್ನೊಂದು ಮಿತಿ ಬರುತ್ತದೆ. ವಾಲ್ವನ್ನು ತೆರೆಯುವ ಕ್ಯಾಮಿನ ಮೈಯನ್ನು ಬಿಡದೆ ಹಿಂಬಾಲಿಸುವಂತೆ ವಾಲ್ವನ್ನು ಒತ್ತಿ ಹಿಡಿಯುವುದು ಸ್ಪ್ರಿಂಗ್. ವೇಗ ಹೆಚ್ಚಿದಂತೆ ಒಂದು ಹಂತದಲ್ಲಿ ಸ್ಪ್ರಿಂಗಿನ ಬಲ ಸಾಲದೆ ಹೋಗಿ ವಾಲ್ವ್ ತಡವಾಗಿ ಮುಚ್ಚುತ್ತದೆ, ಮುಚ್ಚಿದ ಮೇಲೂ ಪುಟಿಯುತ್ತದೆ. ಇದನ್ನೇ ವಾಲ್ವ್ ಫ್ಲೋಟ್ ಎನ್ನುತ್ತಾರೆ. ಪಿಸ್ಟನ್ ಮತ್ತು ವಾಲ್ವಿನ ನಡುವೆ ಅಂತರ ಕಡಿಮೆ ಇರುವ ಎಂಜಿನ್ನುಗಳಲ್ಲಿ ಇವೆರಡೂ ಡಿಕ್ಕಿಯಾಗಲು ಇಷ್ಟು ಸಾಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸ್ಪಷ್ಟವಾಗಿ ನಿವಾರಿಸಬೇಕು. ಎಂಜಿನ್ ತನ್ನದೇ ಶಕ್ತಿಯಿಂದ ವೇಗ ಮೀರುವುದನ್ನು ಮಾತ್ರ ಲಿಮಿಟರ್ ತಡೆಯಬಲ್ಲದು. ಮೂರನೆಯ ಗೇರಿನಲ್ಲಿ 6,500 ಆರ್‌ಪಿಎಂ ಓಡುತ್ತಿರುವಾಗ ನಾಲ್ಕನೆಯದಕ್ಕೆ ಹಾಕುವ ಬದಲು ಚಾಲಕ ಎರಡನೆಯದಕ್ಕೆ ಹಾಕಿದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಎರಡನೆಯ ಗೇರಿನ ಅನುಪಾತ 2.0, ಮೂರನೆಯದು 1.4 ಆಗಿದ್ದರೆ ಎಂಜಿನ್ ಸುಮಾರು 9,300ಕ್ಕೆ ಏರುತ್ತದೆ. ಆ ಹೊತ್ತಿನಲ್ಲಿ ಕಿಡಿಯನ್ನು ನಿಲ್ಲಿಸಿದರೂ ಇಂಧನವನ್ನು ನಿಲ್ಲಿಸಿದರೂ ಏನೂ ಪ್ರಯೋಜನವಿಲ್ಲ. ಲಿಮಿಟರ್ ಇದೆಯೆಂಬ ಧೈರ್ಯದಲ್ಲಿ ಗೇರ್ ಬದಲಾವಣೆಯಲ್ಲಿ ಅಜಾಗರೂಕರಾಗುವವರು ಈ ಲೆಕ್ಕವನ್ನು ಒಮ್ಮೆ ತಮ್ಮ ಕಾರಿನ ಅನುಪಾತಗಳಿಗೆ ಹಾಕಿ ನೋಡಬೇಕು.

ಕಿಡಿಯನ್ನು ನಿಲ್ಲಿಸುವುದೇ, ಇಂಧನವನ್ನು ನಿಲ್ಲಿಸುವುದೇ?

ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗಿಂತ ಮುಂಚೆಯೂ ಲಿಮಿಟರ್‌ಗಳಿದ್ದವು. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಆರ್ಮ್‌ನಲ್ಲೇ ಸ್ಪ್ರಿಂಗ್ ಕಟ್ಟಿದ ಚಿಕ್ಕ ತೂಕವೊಂದನ್ನು ಇಟ್ಟು, ನಿಗದಿತ ವೇಗ ಮೀರಿದಾಗ ಅದು ಹೊರಕ್ಕೆ ಸರಿದು ಕಿಡಿಯನ್ನು ಭೂಸಂಪರ್ಕಕ್ಕೆ ಹರಿಸುವಂತೆ ಮಾಡಿದ್ದರು. ಲೋಟಸ್ ಮತ್ತು ಪೋರ್ಷೆ ಕಾರುಗಳಲ್ಲಿ ಇಂಥ ರೋಟರ್‌ಗಳು ಬಳಕೆಯಲ್ಲಿದ್ದವು. ತತ್ತ್ವ ಸರಳ: ಕಿಡಿ ಇಲ್ಲದಿದ್ದರೆ ದಹನವಿಲ್ಲ. ಇಂದು ಹಳೆಯ ಕಾರುಗಳಿಗೆ ಹೊರಗಿನಿಂದ ಹಾಕುವ ಇಗ್ನಿಷನ್ ಪೆಟ್ಟಿಗೆಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ.

ಕಿಡಿಯ ಕಡಿತಕ್ಕೆ ಇರುವ ದೊಡ್ಡ ಅನುಕೂಲವೆಂದರೆ ತ್ವರಿತತೆ. ಮುಂದಿನ ಕಿಡಿಯನ್ನೇ ತಡೆಯಬಹುದಾದ್ದರಿಂದ, ನಾಲ್ಕು ಸಿಲಿಂಡರಿನ ಎಂಜಿನ್ 7,000 ಆರ್‌ಪಿಎಂನಲ್ಲಿರುವಾಗ ಸುಮಾರು 4.3 ಮಿಲಿಸೆಕೆಂಡಿನೊಳಗೆ ಪರಿಣಾಮ ಕಾಣುತ್ತದೆ. ಆದರೆ ಇಂಧನ ಸಿಂಪಡಣೆ ನಿಂತಿರುವುದಿಲ್ಲ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಮತ್ತು ಗಾಳಿ ಬಿಸಿಯಾದ ಎಕ್ಸಾಸ್ಟಿನೊಳಗೆ ಸೇರಿ ಅಲ್ಲಿ ಹೊತ್ತಿಕೊಳ್ಳುತ್ತವೆ. ಪಟಪಟನೆ ಕೇಳುವ ಸದ್ದು ಅದೇ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಈ ದಹನ ಅದರೊಳಗೇ ನಡೆದು, ಜೇನುಗೂಡಿನಂತಿರುವ ಅದರ ಪಿಂಗಾಣಿ ಭಾಗ ಕರಗುವ ಅಪಾಯವಿದೆ. ಆ ಸದ್ದನ್ನು ಬಯಸಿ ಲಿಮಿಟರ್ ಹಾಕಿಸುವವರಿದ್ದಾರೆ. ಅದು ತಪ್ಪಾದ ಸ್ಥಳದಲ್ಲಿ ಬಿಡುಗಡೆಯಾಗುತ್ತಿರುವ ಶಾಖದ ಸದ್ದು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಇಂಧನದ ಕಡಿತ ಎಕ್ಸಾಸ್ಟಿನ ಮಟ್ಟಿಗೆ ಶುದ್ಧವಾದದ್ದು, ಆದರೆ ನಿಧಾನ. ಇಂಜೆಕ್ಟರ್ ಈಗಾಗಲೇ ಸಿಂಪಡಿಸಿದ ಇಂಧನ ಉರಿದೇ ತೀರುತ್ತದೆ. 7,000 ಆರ್‌ಪಿಎಂನಲ್ಲಿ ಒಂದು ಪೂರ್ಣ ನಾಲ್ಕು ಸ್ಟ್ರೋಕಿನ ಆವರ್ತಕ್ಕೆ ಸುಮಾರು 17 ಮಿಲಿಸೆಕೆಂಡು ಬೇಕಾಗುವುದರಿಂದ, ಒಂದೆರಡು ಆವರ್ತಗಳ ವಿಳಂಬವೆಂದರೆ ಗಮನಾರ್ಹವಾದ ಏರಿಕೆ. ಇದಕ್ಕಿಂತ ಗಂಭೀರವಾದದ್ದು ಅರೆಬರೆ ಕಡಿತ. ಇನ್‌ಟೇಕ್ ಪೋರ್ಟಿನ ಗೋಡೆಗೆ ಅಂಟಿಕೊಂಡ ಇಂಧನದ ಪದರ ಕಡಿತದ ವೇಳೆ ಆರುತ್ತದೆ. ಸಿಂಪಡಣೆ ಮರಳಿ ಆರಂಭವಾದಾಗ ಮೊದಲ ಪಾಲಿನ ಒಂದಷ್ಟು ಭಾಗ ಆ ಗೋಡೆಯನ್ನು ತೇವಗೊಳಿಸುವುದಕ್ಕೇ ಹೋಗಿ, ಸಿಲಿಂಡರಿಗೆ ಇಂಧನ ಕಡಿಮೆ ಬೀಳುತ್ತದೆ. ಪೂರ್ತಿ ತೆರೆದ ಥ್ರಾಟಲ್ ಮತ್ತು ಟರ್ಬೊ ಒತ್ತಡದಡಿಯಲ್ಲಿ ಇಂಥ ಬಡವಾದ ಮಿಶ್ರಣ ನಾಕಿಂಗ್‌ಗೆ, ಅಂದರೆ ಮಿಶ್ರಣ ಹತೋಟಿಯಿಲ್ಲದೆ ತಾನಾಗಿಯೇ ಸಿಡಿಯುವುದಕ್ಕೆ, ಎಡೆಮಾಡಿಕೊಡುತ್ತದೆ. ಆದ್ದರಿಂದ ಇಂಧನವನ್ನು ನಿಲ್ಲಿಸುವುದಾದರೆ ಆ ಸಿಲಿಂಡರಿನ ಪಾಲನ್ನು ಪೂರ್ತಿಯಾಗಿ ನಿಲ್ಲಿಸಬೇಕು; ಅರ್ಧ ಕೊಡುವುದಕ್ಕಿಂತ ಏನೂ ಕೊಡದಿರುವುದೇ ಕ್ಷೇಮ.

ಒಳ್ಳೆಯ ವ್ಯವಸ್ಥೆಗಳು ಎರಡನ್ನೂ ಹದವಾಗಿ ಬಳಸುತ್ತವೆ. ಮಿತಿಗೆ 200 ಆರ್‌ಪಿಎಂ ಮುಂಚಿನಿಂದಲೇ ಕಿಡಿಯ ಸಮಯವನ್ನು ಹಿಂದೆ ಸರಿಸಿ ಟಾರ್ಕನ್ನು (ತಿರುಗಿಸುವ ಬಲವನ್ನು) ತಗ್ಗಿಸಿ, ಅನಂತರ ಒಂದೊಂದೇ ಸಿಲಿಂಡರನ್ನು ಸರದಿಯಂತೆ ಕೈಬಿಡುತ್ತವೆ. ಸರದಿ ಎಂಬುದು ಇಲ್ಲಿ ಮುಖ್ಯ. ಪ್ರತಿ ಬಾರಿಯೂ ಒಂದೇ ಸಿಲಿಂಡರಿನ ಕಿಡಿಯನ್ನು ತಡೆದರೆ, ಆ ಸಿಲಿಂಡರಿನ ಗೋಡೆಯ ಎಣ್ಣೆಯ ಪದರವನ್ನು ಉರಿಯದ ಪೆಟ್ರೋಲ್ ತೊಳೆದುಹಾಕುತ್ತದೆ. ಥ್ರಾಟಲನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನಿಯಂತ್ರಿಸುವ ಕಾರುಗಳಲ್ಲಿ ಗಾಳಿಯನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಅದು ಎಲ್ಲಕ್ಕಿಂತ ಮೃದು, ಎಲ್ಲಕ್ಕಿಂತ ನಿಧಾನ.

ತಂತಿ ಜೋಡಿಸುವಾಗ

ಪ್ರತ್ಯೇಕ ಪೆಟ್ಟಿಗೆಯೊಂದನ್ನು ಹಾಕುವವರು ಮೊದಲು ತಿಳಿಯಬೇಕಾದದ್ದು ಆ ಪೆಟ್ಟಿಗೆ ಎಂಜಿನ್ ವೇಗವನ್ನು ಹೇಗೆ ಎಣಿಸುತ್ತದೆ ಎಂಬುದನ್ನು. ಡಿಸ್ಟ್ರಿಬ್ಯೂಟರ್ ಇರುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಒದಗಿಸುವ ಒಂದೇ ಕಾಯಿಲ್ ಪ್ರತಿ ಸುತ್ತಿಗೆ ಎರಡು ಬಾರಿ ಕಿಡಿ ಕೊಡುತ್ತದೆ. ಎರಡು ಸಿಲಿಂಡರುಗಳು ಹಂಚಿಕೊಳ್ಳುವ ವೇಸ್ಟೆಡ್ ಸ್ಪಾರ್ಕ್ ಕಾಯಿಲ್ ಪ್ರತಿ ಸುತ್ತಿಗೆ ಒಂದು ಬಾರಿ ಕೊಡುತ್ತದೆ. ಪ್ರತಿ ಪ್ಲಗ್‌ಗೂ ತನ್ನದೇ ಕಾಯಿಲ್ ಇದ್ದಾಗ ಎರಡು ಸುತ್ತಿಗೆ ಒಂದು ಕಿಡಿ. ಈ ಹೊಂದಾಣಿಕೆ ತಪ್ಪಿದರೆ ಪೆಟ್ಟಿಗೆಯ ಮೇಲೆ 7,000 ಎಂದು ತೋರಿಸುತ್ತಿದ್ದರೂ ನಿಜವಾದ ಮಿತಿ 3,500 ಅಥವಾ 14,000 ಆಗಿರಬಹುದು. ಮೊದಲನೆಯದು ಕೂಡಲೇ ತಿಳಿಯುತ್ತದೆ. ಎರಡನೆಯದು ಎಂಜಿನ್ ಒಡೆದ ಮೇಲೆ ತಿಳಿಯುತ್ತದೆ.

ಕಾಯಿಲಿನ ವಿದ್ಯುತ್ತನ್ನು ರಿಲೇ ಮೂಲಕ ಕತ್ತರಿಸುವ ಸರಳ ಉಪಾಯವೊಂದನ್ನು ಕೆಲವರು ಮಾಡುತ್ತಾರೆ. ಅದನ್ನು ಯಾರೂ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯಿಲ್ ತನ್ನಲ್ಲಿ ಹರಿಯುತ್ತಿರುವ ವಿದ್ಯುತ್ ಥಟ್ಟನೆ ನಿಂತಾಗ ಕಿಡಿಯನ್ನು ಹುಟ್ಟಿಸುತ್ತದೆ. ಕಾಯಿಲ್ ತುಂಬಿಕೊಳ್ಳುತ್ತಿರುವ ಹೊತ್ತಿನಲ್ಲಿ ಸಂಪರ್ಕ ಕಡಿದರೆ, ಕಿಡಿಯನ್ನು ತಡೆಯುವ ಬದಲು ಹೊತ್ತಿಗೆ ಮುಂಚೆಯೇ ಕಿಡಿ ಹಾರಿಸಿದಂತಾಗುತ್ತದೆ. ಮೇಲಕ್ಕೆ ಬರುತ್ತಿರುವ ಪಿಸ್ಟನ್ನಿಗೆ ಎದುರಾಗಿ ಮಿಶ್ರಣ ಉರಿಯತೊಡಗಿದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಸರಿಯಾದ ಸಾಧನವು ತುಂಬಿಕೊಳ್ಳುವಿಕೆ, ಅಂದರೆ ಡ್ವೆಲ್, ಆರಂಭವಾಗುವುದನ್ನೇ ತಡೆಯುತ್ತದೆ. ಆರಂಭವಾದದ್ದನ್ನು ಮಧ್ಯದಲ್ಲಿ ಕಡಿಯುವುದಿಲ್ಲ.

ಕಾರ್ಖಾನೆಯಿಂದ ಬಂದ ಇಸಿಯುವನ್ನು ಹಾಗೆಯೇ ಉಳಿಸಿಕೊಂಡು ಅದರಾಚೆಗೆ ಕಿಡಿಯನ್ನು ತಡೆಯುವ ಪೆಟ್ಟಿಗೆಯನ್ನು ಹಾಕಿದಾಗ ಇನ್ನೊಂದು ತೊಡಕಿದೆ. ನಡೆಯುತ್ತಿರುವುದು ಇಸಿಯುಗೆ ಗೊತ್ತಿರುವುದಿಲ್ಲ. ಉರಿಯದೆ ಹೊರಬಂದ ಗಾಳಿಯಲ್ಲಿನ ಆಮ್ಲಜನಕವನ್ನು ಲ್ಯಾಂಬ್ಡಾ ಸೆನ್ಸರ್ ಕಂಡು, ಮಿಶ್ರಣ ಬಡವಾಗಿದೆ ಎಂದು ವರದಿ ಮಾಡುತ್ತದೆ. ಆ ವರದಿಯನ್ನು ನಂಬಿದ ಇಸಿಯು ಈಗಾಗಲೇ ಹೆಚ್ಚಾಗಿರುವ ಇಂಧನಕ್ಕೆ ಮತ್ತಷ್ಟು ಸೇರಿಸುತ್ತದೆ, ಇಲ್ಲವೇ ಮಿಸ್‌ಫೈರ್ ಎಂದು ದಾಖಲಿಸಿ ಪಿ0300ರಂಥ ಕೋಡನ್ನು ತೋರಿಸುತ್ತದೆ. ಆಧುನಿಕ ಕಾರಿಗೆ ಈ ಕೆಲಸವನ್ನು ಇಸಿಯುವಿನೊಳಗೇ, ಅಥವಾ ಬದಲಿ ಇಸಿಯುವಿನಲ್ಲಿ ಮಾಡುವುದೇ ಸರಿಯೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಜೋಡಣೆ ಮುಗಿದ ಮೇಲೆ ಮೊದಲ ಪರೀಕ್ಷೆಯನ್ನು 3,000 ಆರ್‌ಪಿಎಂನಂಥ ಕೆಳಗಿನ ಮಿತಿಯಲ್ಲಿ, ಬಿಸಿಯಾದ ಎಂಜಿನ್ನಿನ ಮೇಲೆ, ಒಂದೆರಡು ಸೆಕೆಂಡು ಮಾತ್ರ ಮಾಡಬೇಕು. ಕಾರಿನ ಆರ್‌ಪಿಎಂ ಮೀಟರಿನ ಮುಳ್ಳನ್ನು ನಂಬದೆ ಲಾಗರಿನ ದಾಖಲೆಯನ್ನು ನೋಡಬೇಕು. ಹೊರೆಯಿಲ್ಲದ ಎಂಜಿನ್ ಎಷ್ಟು ಬೇಗ ಏರುತ್ತದೆಂದರೆ, ತಿರುಗುವ ಭಾಗಗಳ ಜಡತ್ವ 0.15 ಕಿಲೋಗ್ರಾಂ ಚದರ ಮೀಟರ್, ಲಭ್ಯ ಟಾರ್ಕ್ 150 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ ಪ್ರತಿ ಸೆಕೆಂಡಿಗೆ ಸುಮಾರು 9,500 ಆರ್‌ಪಿಎಂ ದರದಲ್ಲಿ ಏರುತ್ತದೆ. ಕಡಿತಕ್ಕೆ 20 ಮಿಲಿಸೆಕೆಂಡು ತಡವಾದರೂ ಮಿತಿಯನ್ನು 190 ಆರ್‌ಪಿಎಂನಷ್ಟು ದಾಟಿರುತ್ತದೆ. ಹೀಗಾಗಿ ಎಂಜಿನ್ ತಾಳಬಲ್ಲ ವೇಗವನ್ನೇ ಮಿತಿಯಾಗಿ ಇಡದೆ, ಈ ಅಂತರವನ್ನು ಕಳೆದು ಇಡಬೇಕು.

ಲಾಂಚ್ ಕಂಟ್ರೋಲ್

ಟೂ-ಸ್ಟೆಪ್ ಎಂದು ಕರೆಯುವ ಸರಳ ಲಾಂಚ್ ಕಂಟ್ರೋಲ್ ಎಂದರೆ ಒಂದರ ಬದಲು ಎರಡು ಮಿತಿಗಳಿರುವ ಲಿಮಿಟರ್. ಕ್ಲಚ್ ಪೆಡಲ್ ಒತ್ತಿರುವಾಗ ಕೆಳಗಿನ ಮಿತಿ, ಬಿಟ್ಟ ಮೇಲೆ ಮೇಲಿನ ಮಿತಿ. ಮೋಟಾರು ಕ್ರೀಡೆಯಲ್ಲಿ ಇದಕ್ಕೆ ಏರಿಳಿತದ ಇತಿಹಾಸವಿದೆ: ಫಾರ್ಮುಲಾ ಒನ್‌ನಲ್ಲಿ ಚಾಲಕನ ನೆರವಿನ ಸಾಧನಗಳನ್ನು 1994ರ ಸಾಲಿನಿಂದ ನಿಷೇಧಿಸಿ, 2001ರ ಸ್ಪ್ಯಾನಿಷ್ ಗ್ರ್ಯಾಂಡ್ ಪ್ರಿಯಿಂದ ಲಾಂಚ್ ಕಂಟ್ರೋಲಿಗೆ ಮತ್ತೆ ಅವಕಾಶ ಕೊಟ್ಟು, 2004ರಿಂದ ಪುನಃ ತೆಗೆದುಹಾಕಲಾಯಿತು.

ಲಾಂಚ್ ಆರ್‌ಪಿಎಂ ಆರಿಸುವಾಗ ಬಹಳ ಮಂದಿ ಹೆಚ್ಚಿನ ಸಂಖ್ಯೆಯೇ ಒಳ್ಳೆಯದೆಂದು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಮೊದಲ ಗೇರ್ 3.5, ಫೈನಲ್ ಡ್ರೈವ್ 4.0, ಟೈರಿನ ತ್ರಿಜ್ಯ 0.3 ಮೀಟರ್ ಇರುವ 1,300 ಕಿಲೋಗ್ರಾಂ ತೂಕದ ಕಾರು. 5,000 ಆರ್‌ಪಿಎಂಗೆ ಸಮನಾದ ರಸ್ತೆಯ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್. ಕಾರು ನಿಂತಲ್ಲಿಂದ ಆ ವೇಗಕ್ಕೆ ಬರುವ ತನಕ ಕ್ಲಚ್ ಅಥವಾ ಟೈರು, ಎರಡರಲ್ಲೊಂದು ಜಾರಲೇಬೇಕು. ಎಂಜಿನ್ ವೇಗವನ್ನು 5,000ದಲ್ಲೇ ಹಿಡಿದು ಕ್ಲಚ್ಚನ್ನು ಒಂದೇ ಸಮನಾದ ಟಾರ್ಕಿನಲ್ಲಿ ಜಾರಿಸಿದರೆ, ಕಾರು ಪಡೆಯುವ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ: ಇಲ್ಲಿ ಸುಮಾರು 80 ಕಿಲೋಜೂಲ್. ಅದೇ ಕಾರನ್ನು 3,500ರಲ್ಲಿ ಹೊರಡಿಸಿದರೆ ವೇಗ ಹೊಂದಿಕೆಯಾಗುವುದು ಗಂಟೆಗೆ 28 ಕಿಲೋಮೀಟರಿನಲ್ಲಿ, ಶಾಖ ಸುಮಾರು 40 ಕಿಲೋಜೂಲ್. ಪಿಸ್ಟನ್ನಿನ ಲೆಕ್ಕದಲ್ಲಿ ಕಂಡ ವರ್ಗದ ನಿಯಮವೇ ಇಲ್ಲಿಯೂ ಕಾಣುತ್ತದೆ. 1,500 ಆರ್‌ಪಿಎಂ ತಗ್ಗಿಸಿದ್ದಕ್ಕೆ ಕ್ಲಚ್ಚಿನ ಶಾಖ ಅರ್ಧಕ್ಕೆ ಇಳಿಯಿತು.

ಹಾಗಾದರೆ ಪೆಡಲನ್ನು ಥಟ್ಟನೆ ಬಿಟ್ಟರೆ ಕ್ಲಚ್ ಬಚಾವಾಗುತ್ತದೆಯೇ ಎಂದು ಕೇಳಬಹುದು. ಕ್ಲಚ್ ಬಚಾವಾಗುತ್ತದೆ, ಉಳಿದವು ಆಗುವುದಿಲ್ಲ. ಮೇಲೆ ಹೇಳಿದ ಜಡತ್ವದ ಎಂಜಿನ್ 5,000 ಆರ್‌ಪಿಎಂನಲ್ಲಿ ಸುಮಾರು 20 ಕಿಲೋಜೂಲ್ ಶಕ್ತಿಯನ್ನು ತನ್ನ ತಿರುಗುವಿಕೆಯಲ್ಲೇ ಇಟ್ಟುಕೊಂಡಿರುತ್ತದೆ. ಅದರಲ್ಲಿ ಬಹುಪಾಲು ಕ್ಷಣಾರ್ಧದಲ್ಲಿ ಗೇರುಗಳು, ಡ್ರೈವ್ ಶಾಫ್ಟ್ ಮತ್ತು ಡಿಫರೆನ್ಷಿಯಲ್ ಮೂಲಕ ಟೈರಿಗೆ ಬಂದು ಬೀಳುತ್ತದೆ. ಟೈರು ಜಾರಿದರೆ ಆ ಜಾರಿಕೆಯೇ ಈ ಭಾಗಗಳಿಗೆ ರಕ್ಷಣೆ; ಅಂಟಿನ ಟೈರು ಹಾಕಿ ಜಾರದಂತೆ ಮಾಡಿದರೆ ಸರಪಣಿಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಮುರಿಯುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಕಾರಿನಲ್ಲಿ ಜಾರಿಕೆ ಇನ್ನೂ ಕಡಿಮೆಯಾದ್ದರಿಂದ ಈ ಪೆಟ್ಟು ಇನ್ನೂ ಕಠಿಣ.

ರಸ್ತೆಯ ಟೈರು ಹೆಚ್ಚಿನ ಹಿಡಿತ ಕೊಡುವುದು ಸ್ವಲ್ಪ ಜಾರುವಾಗಲೇ, ಸ್ಥೂಲವಾಗಿ ಶೇ. 10ರಿಂದ 20ರಷ್ಟು. ಅದಕ್ಕಿಂತ ಹೆಚ್ಚು ಜಾರಿದರೆ ಹಿಡಿತ ಇಳಿಯುತ್ತದೆ. ಟೂ-ಸ್ಟೆಪ್‌ನ ದೊಡ್ಡ ಕೊರತೆ ಇಲ್ಲಿಯೇ ಇದೆ. ಪೆಡಲ್ ಬಿಟ್ಟ ಕೂಡಲೇ ಮಿತಿ 4,000ದಿಂದ 7,000ಕ್ಕೆ ಹಾರುವುದರಿಂದ, ಟೈರು ಜಾರತೊಡಗಿದರೆ ಅದನ್ನು ತಡೆಯುವವರಿಲ್ಲ. ಕಾರಿನ ವೇಗ ಏರಿದಂತೆ ಮಿತಿಯನ್ನೂ ಸ್ವಲ್ಪಸ್ವಲ್ಪವೇ ಏರಿಸುವ ವ್ಯವಸ್ಥೆ, ಶಕ್ತಿ ಪಡೆಯುವ ಚಕ್ರ ಮತ್ತು ಪಡೆಯದ ಚಕ್ರಗಳ ವೇಗವನ್ನು ಹೋಲಿಸಿ ಈ ಕೊರತೆಯನ್ನು ತುಂಬುತ್ತದೆ. ಚಕ್ರದ ವೇಗದ ಸೆನ್ಸರ್ ಈಗಾಗಲೇ ಇರುವ ಕಾರಿಗೆ, ಹಣ ಖರ್ಚು ಮಾಡುವುದಾದರೆ ಇಲ್ಲಿ ಮಾಡುವುದು ಸಾರ್ಥಕ.

ಕ್ಲಚ್ ಸ್ವಿಚ್ ಎಲ್ಲಿ ಬದಲಾಗುತ್ತದೆ ಎಂಬುದನ್ನು ಅಸಡ್ಡೆ ಮಾಡಬಾರದು. ಪೆಡಲನ್ನು ತುಸು ಬಿಟ್ಟೊಡನೆ, ಕ್ಲಚ್ ಹಿಡಿಯುವ ಮೊದಲೇ ಸ್ವಿಚ್ ಬದಲಾದರೆ ಹೊರೆಯಿಲ್ಲದ ಎಂಜಿನ್ ಮೇಲಿನ ಮಿತಿಯತ್ತ ನೆಗೆದು, ಹಿಡಿಯುವ ಹೊತ್ತಿಗೆ ನೀವು ಆರಿಸಿದ ಆರ್‌ಪಿಎಂ ಉಳಿದಿರುವುದಿಲ್ಲ. ಸ್ವಿಚ್ಚನ್ನು ಕ್ಲಚ್ ಹಿಡಿಯುವ ಬಿಂದುವಿಗೆ ಹೊಂದಿಸಬೇಕು, ಕ್ಲಚ್ ಸವೆದಂತೆ ಮತ್ತೆ ನೋಡಿಕೊಳ್ಳಬೇಕು.

ಟರ್ಬೊ ಕಾರುಗಳಲ್ಲಿ ನಿಂತಲ್ಲೇ ಒತ್ತಡ ಕಟ್ಟಲು ಕಿಡಿಯನ್ನು ಬಹಳ ತಡಮಾಡಿ, ಥ್ರಾಟಲನ್ನು ತೆರೆದಿಡುತ್ತಾರೆ. ಉರಿಯುವಿಕೆ ಎಕ್ಸಾಸ್ಟ್ ವಾಲ್ವ್ ತೆರೆಯುವ ತನಕ ಮುಂದುವರಿದು ಅದರ ಶಾಖ ಟರ್ಬೈನನ್ನು ತಿರುಗಿಸುತ್ತದೆ. ಪೂರ್ಣ ಹೊರೆಯ ಸಾಮಾನ್ಯ ಓಟದಲ್ಲೇ ಇಂಥ ಎಂಜಿನ್ನುಗಳ ಎಕ್ಸಾಸ್ಟ್ ತಾಪ 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ ಇದನ್ನು ಹೇರಿದಾಗ ಎಕ್ಸಾಸ್ಟ್ ವಾಲ್ವ್, ಮ್ಯಾನಿಫೋಲ್ಡ್ ಮತ್ತು ಟರ್ಬೈನ್ ಮೂರೂ ಬೇಯುತ್ತವೆ. ಎಕ್ಸಾಸ್ಟ್ ತಾಪದ ಸೆನ್ಸರ್ ಇಲ್ಲದೆ ಈ ಪ್ರಯೋಗಕ್ಕೆ ಇಳಿಯಬಾರದು. ಮೂರು ನಾಲ್ಕು ಸೆಕೆಂಡಿಗೆ ತಾನಾಗಿಯೇ ನಿಲ್ಲುವಂತೆ ಇಸಿಯುವಿನಲ್ಲಿ ಸಮಯದ ಮಿತಿಯನ್ನೂ ಹಾಕಬೇಕು. ಪ್ರಯೋಗದ ಸ್ಥಳ ಮುಚ್ಚಿದ ಟ್ರ್ಯಾಕ್ ಮಾತ್ರ. ಇದಕ್ಕಾಗಿ ರಸ್ತೆಯ ಕಾರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಕಳಚುವುದು ಹಲವು ದೇಶಗಳಲ್ಲಿ ಅಪರಾಧ.

ಪ್ರತಿ ಓಟದ ನಂತರ ಲಾಗಿನಲ್ಲಿ ಎಂಜಿನ್ ವೇಗ, ಎರಡೂ ಬಗೆಯ ಚಕ್ರಗಳ ವೇಗ, ಕ್ಲಚ್ ಸ್ವಿಚ್ಚಿನ ಸ್ಥಿತಿ ಮತ್ತು ಎಕ್ಸಾಸ್ಟ್ ತಾಪ ಈ ನಾಲ್ಕನ್ನು ಒಂದರ ಕೆಳಗೊಂದು ಇಟ್ಟು ನೋಡುವುದನ್ನು ರೂಢಿಸಿಕೊಳ್ಳಿ. ಸ್ವಿಚ್ ಬದಲಾದ ಮೇಲೆ ಎಂಜಿನ್ ವೇಗ ಒಮ್ಮೆಲೇ ಕುಸಿದು ಚಕ್ರಗಳ ವೇಗಗಳು ಒಂದಾಗಿಯೇ ಇದ್ದರೆ ಲಾಂಚ್ ಆರ್‌ಪಿಎಂ ಕಡಿಮೆಯಾಯಿತೆಂದು ಅರ್ಥ. ಎಂಜಿನ್ ವೇಗ ಕುಸಿಯದೆ ಚಕ್ರಗಳ ವೇಗ ದೂರದೂರ ಸರಿದರೆ ಅದು ಹೆಚ್ಚಾಯಿತೆಂದು ಅರ್ಥ. ಚಕ್ರಗಳ ವೇಗ ಒಂದಾಗಿದ್ದೂ ಎಂಜಿನ್ ವೇಗ ಅವುಗಳಿಗೆ ಹೊಂದದೆ ಬಹಳ ಹೊತ್ತು ಮೇಲೆಯೇ ಉಳಿದರೆ ಕ್ಲಚ್ ಜಾರುತ್ತಿದೆ. ಮುಂದಿನ ಓಟಕ್ಕೆ ಮೊದಲು ಅದು ತಣಿಯುವಷ್ಟು ಸಮಯ ಕೊಟ್ಟು, 250 ಆರ್‌ಪಿಎಂ ಕೆಳಗಿಳಿಸಿ ಮತ್ತೊಮ್ಮೆ ನೋಡಿ.