ಕ್ಯಾನ್ಸರ್ ನಂತರದ ಸುಸ್ತಿಗೆ ಸೂಜಿ: ಎಲ್ಲಿಂದ ಬಂತು, ಎಲ್ಲಿವರೆಗೆ ಬಂತು?

ಕೀಮೋ ಮುಗಿದಿದೆ. ಸ್ಕ್ಯಾನ್ ರಿಪೋರ್ಟ್ ಚೆನ್ನಾಗಿದೆ. ಉದುರಿದ ಕೂದಲೂ ಮತ್ತೆ ಬರತೊಡಗಿದೆ. ಆದರೆ ಬೀಡಿ ಕಟ್ಟಲು ಕೂತರೆ ಒಂದು ಕಟ್ಟು ಮುಗಿಯುವ ಮೊದಲೇ ಕೈ ಸೋಲುತ್ತದೆ. ಅಂಗಳ ಅರ್ಧ ಗುಡಿಸಿ ಜಗಲಿಯಲ್ಲಿ ಕೂರಬೇಕಾಗುತ್ತದೆ. "ಡಾಕ್ಟ್ರು ಎಲ್ಲ ಸರಿಯಾಗಿದೆ ಅಂದ್ರಲ್ಲ, ಮತ್ತೆ ಎಂತ ಸುಸ್ತು ಮಾರಾಯ್ತಿ?" ಅಂತ ಮನೆಯವರು ಕೇಳುತ್ತಾರೆ. ಮಣಿಪಾಲಕ್ಕೋ ಮಂಗಳೂರಿಗೋ ಚಿಕಿತ್ಸೆಗೆ ಓಡಾಡಿದ ಮನೆಗಳಿಗೆ ಈ ಮಾತು ಹೊಸದಲ್ಲ. ಈಗೀಗ ಅದರ ಬೆನ್ನಿಗೇ ಒಂದು ಸಲಹೆಯೂ ಬರುತ್ತದೆ: ಅಕ್ಯುಪಂಕ್ಚರ್ (ಮೈಯ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ) ಮಾಡಿಸಿ ನೋಡಿ.

ಈ ಸಲಹೆಯ ಹಿಂದಿನ ಕಥೆ ಸ್ವಲ್ಪ ಉದ್ದದ್ದು. ಅದು ಶುರುವಾಗುವುದು ಸೂಜಿಯಿಂದಲ್ಲ, ಸುಸ್ತಿನಿಂದ.

ಕ್ಯಾನ್ಸರ್ ರೋಗಿಯ ಸುಸ್ತನ್ನು ವೈದ್ಯರು ಬಹಳ ಕಾಲ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇದನ್ನು ಬಯಲಿಗೆ ತಂದಿತು. ರೋಗಿಯ ದಿನನಿತ್ಯದ ಬದುಕನ್ನು ಜಾಸ್ತಿ ಕೆಡಿಸುವುದು ನೋವೋ ಸುಸ್ತೋ ಅಂತ ವೈದ್ಯರು, ರೋಗಿಗಳು ಇಬ್ಬರನ್ನೂ ಕೇಳಿದ್ದರು. ಕ್ಯಾನ್ಸರ್ ತಜ್ಞರಲ್ಲಿ 61 ಶೇಕಡಾ ಮಂದಿ ನೋವು ಅಂದರು. ರೋಗಿಗಳಲ್ಲಿ ಅಷ್ಟೇ, 61 ಶೇಕಡಾ ಮಂದಿ, ಸುಸ್ತು ಅಂದರು. ನೋವು ಅಂದ ರೋಗಿಗಳು 19 ಶೇಕಡಾ ಮಾತ್ರ. ಒಂದೇ ಕೋಣೆಯಲ್ಲಿ ಎದುರುಬದುರು ಕೂತವರಿಗೆ ಇಷ್ಟು ಬೇರೆ ಬೇರೆ ಕಾಣುತ್ತಿತ್ತು ಅಂದರೆ ನೋಡಿ.

ಇದು ಗದ್ದೆ ಕೆಲಸ ಮಾಡಿ ಬಂದ ದಣಿವಿನ ಹಾಗಲ್ಲ. ಮಲಗೆದ್ದರೂ ಹೋಗುವುದಿಲ್ಲ. ಮಾಡಿದ ಕೆಲಸಕ್ಕೂ ಆಗುವ ಸುಸ್ತಿಗೂ ತಾಳೆಯೇ ಇರುವುದಿಲ್ಲ. ರಕ್ತ ಕಡಿಮೆಯಾಗಿರಬಹುದು, ಥೈರಾಯ್ಡ್ ಇಳಿದಿರಬಹುದು, ನಿದ್ದೆ ಕೆಟ್ಟಿರಬಹುದು, ಮನಸ್ಸು ಕುಗ್ಗಿರಬಹುದು. ಇದ್ಯಾವುದೂ ಇಲ್ಲದಿದ್ದರೂ ಚಿಕಿತ್ಸೆಯಿಂದ ಮೈಯೊಳಗೆ ಎದ್ದ ಉರಿಯೂತ ಬೇಗ ತಣಿಯದೆ ಸುಸ್ತು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಬಹುದು.

ಮೊದಲು ಹುಡುಕಿದ್ದು ಔಷಧಿಯನ್ನೇ. 1993ರಲ್ಲಿ ಅಮೆರಿಕದಲ್ಲಿ ಕೀಮೋದಿಂದಾಗುವ ರಕ್ತಹೀನತೆಗೆ ಎರಿತ್ರೋಪೊಯೆಟಿನ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ರಕ್ತ ಏರಿದರೆ ಸುಸ್ತು ಇಳಿಯುತ್ತದೆ ಎಂದು ಅದನ್ನು ಧಾರಾಳವಾಗಿ ಕೊಟ್ಟರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೆಲವು ಕ್ಯಾನ್ಸರ್‌ಗಳಲ್ಲಿ ಅದರಿಂದ ಹಾನಿಯೇ ಆಗುತ್ತಿದೆ ಎಂಬ ವರದಿಗಳು ಬಂದವು. 2007ರಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಬಿತ್ತು. ಚುರುಕು ತರುವ ಮಾತ್ರೆಗಳೂ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಸೂಜಿಗೆ ಜಾಗ ಸಿಕ್ಕಿದ್ದು ಹೀಗೆ, ಔಷಧಿ ಸೋತ ಕಡೆ.

ಸೂಜಿ ಅಷ್ಟರಲ್ಲಾಗಲೇ ಆಸ್ಪತ್ರೆಯ ಬಾಗಿಲು ದಾಟಿತ್ತು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಶನ್ ಮಾಡಿಸಿಕೊಂಡರು. ಆಮೇಲಿನ ಹೊಟ್ಟೆ ಬಾಧೆಗೆ ಸೂಜಿ ಚುಚ್ಚಿದ್ದನ್ನು ತಮ್ಮ ಪತ್ರಿಕೆಯಲ್ಲಿ ಬರೆದರು. ಪಶ್ಚಿಮಕ್ಕೆ ಕುತೂಹಲ ಹತ್ತಿದ್ದು ಅಲ್ಲಿಂದ. 1997ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ, ಕೀಮೋದಿಂದ ಬರುವ ವಾಂತಿ, ವಾಕರಿಕೆಗೆ ಅಕ್ಯುಪಂಕ್ಚರ್ ಫಲ ಕೊಡುತ್ತದೆ ಎಂದಿತು.

ನಮ್ಮ ದೇಶಕ್ಕೆ ಅದು ಬಂದದ್ದು ಬೇರೆ ದಾರಿಯಲ್ಲಿ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ಕೋಟ್ನಿಸ್ ಹೆಸರು ಎಲ್ಲರಿಗೂ ಗೊತ್ತು. ಜೊತೆಗಿದ್ದ ಡಾ. ಬಿ.ಕೆ. ಬಸು ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ, ಈ ವಿದ್ಯೆ ಕಲಿತು ಬಂದು ಕೋಲ್ಕತ್ತದಲ್ಲಿ ಶುರು ಮಾಡಿದರು. ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಪದ್ಧತಿ ಎಂದು ಒಪ್ಪಿಕೊಂಡದ್ದು ಮಾತ್ರ 2019ರಲ್ಲಿ.

ಕರಾವಳಿಯಲ್ಲಿ ಸೂಜಿ ಕೈಗೆ ಬಂದದ್ದು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಮೂಲಕ. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜು ಶುರುವಾಯಿತು. ಆ ಪದವಿಯ ಪಾಠಪಟ್ಟಿಯಲ್ಲಿ ಅಕ್ಯುಪಂಕ್ಚರ್ ಕೂಡ ಇದೆ. ಹಲವು ಪದ್ಧತಿಗಳು ಅಕ್ಕಪಕ್ಕ ಬಾಳುವುದು ಈ ಊರಿಗೆ ಹೊಸತೂ ಅಲ್ಲ ಬಿಡಿ. ಮಂಗಳೂರಿನ ಕಂಕನಾಡಿಯ ದೊಡ್ಡ ಆಸ್ಪತ್ರೆ 1880ರಲ್ಲಿ ಹುಟ್ಟಿದ್ದೇ ಫಾದರ್ ಮುಲ್ಲರ್ ಬಡವರಿಗೆ ಕೊಡುತ್ತಿದ್ದ ಹೋಮಿಯೋಪತಿ ಔಷಧಿಯಿಂದ.

ಇನ್ನು ಸುಸ್ತಿಗೆ ಬರೋಣ. 2004ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟ್ಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಕೀಮೋ ಮುಗಿದ ಮೇಲೂ ಸುಸ್ತು ಉಳಿದಿದ್ದ 37 ಜನರಿಗೆ ಸೂಜಿ ಚುಚ್ಚಿ ನೋಡಿದರು. ಸುಸ್ತು ಸರಾಸರಿ 31 ಶೇಕಡಾ ಇಳಿಯಿತು. 2012ರಲ್ಲಿ ಬ್ರಿಟನ್‌ನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 302 ಮಹಿಳೆಯರ ಮೇಲೆ ದೊಡ್ಡ ಪ್ರಯೋಗ ಆಯಿತು. ವಾರಕ್ಕೊಮ್ಮೆ 20 ನಿಮಿಷ, ಆರು ವಾರ. ಚುಚ್ಚಿದ್ದು ಮೂರೇ ಜೋಡಿ ಜಾಗಗಳಲ್ಲಿ: ಮೊಣಕಾಲಿನ ಕೆಳಗೆ, ಹಿಮ್ಮಡಿ ಗಂಟಿನ ಮೇಲೆ ಒಳಮಗ್ಗುಲಲ್ಲಿ, ಮತ್ತು ಹೆಬ್ಬೆರಳು ತೋರುಬೆರಳಿನ ನಡುವೆ. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಇವರ ಸುಸ್ತು ಸ್ಪಷ್ಟವಾಗಿ ಕಡಿಮೆಯಾಯಿತು.

ತಕರಾರು ಇರುವುದು ಇಲ್ಲೇ. ವಾರವಾರ ಒಬ್ಬರು ಸಮಾಧಾನದಿಂದ ಮಾತಾಡಿಸಿ, ಮಲಗಿಸಿ, 20 ನಿಮಿಷ ಗಮನ ಕೊಟ್ಟರೆ ಯಾರಿಗಾದರೂ ಸ್ವಲ್ಪ ಹಗುರವಾಗುತ್ತದೆ, ಅಲ್ವಾ? ಗುಣ ಸೂಜಿಯದೋ ಆ ಗಮನದ್ದೋ? ಅದನ್ನು ಬಿಡಿಸಿ ನೋಡಲು ಹುಸಿ ಸೂಜಿ ಬೇಕು. ಮೈಗೆ ತಾಗಿದ ಕೂಡಲೇ ಹಿಡಿಯೊಳಗೆ ಜಾರುವ, ಚರ್ಮ ತೂರದ ಮೊಂಡು ಸೂಜಿಯನ್ನು 1998ರಲ್ಲಿ ಜರ್ಮನಿಯ ವೈದ್ಯರು ಪರಿಚಯಿಸಿದ್ದರು. ಮೊದಲ ಪ್ರಯೋಗ ನಡೆದ ಅದೇ ನ್ಯೂಯಾರ್ಕ್ ಆಸ್ಪತ್ರೆಯವರು ಈ ಸಲ ಕೆಲವರಿಗೆ ನಿಜ, ಕೆಲವರಿಗೆ ಹುಸಿ ಚಿಕಿತ್ಸೆ ಕೊಟ್ಟರು. ಒಟ್ಟು 101 ಜನ. 2013ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನಲ್ಲಿ ಸುಸ್ತು ಇಳಿದಿತ್ತು, ಎರಡರ ನಡುವೆ ವ್ಯತ್ಯಾಸ ಮಾತ್ರ ಇರಲಿಲ್ಲ. ತಮ್ಮದೇ ಆಸೆಯನ್ನು ತಾವೇ ಹೀಗೆ ಒರೆಗೆ ಹಚ್ಚಿದ್ದು ದೊಡ್ಡ ಮಾತು ಅನ್ನಿಸುತ್ತದೆ ನನಗೆ.

ಮುಂದೆ ಕಥೆ ಬೇರೆ ಕಡೆ ಹೊರಳಿತು, ಬೆರಳಿನ ಕಡೆಗೆ. 2016ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ್ದ ಮಹಿಳೆಯರಿಗೆ ಅಕ್ಯುಪ್ರೆಶರ್ ಕಲಿಸಿದರು. ದಿನಕ್ಕೊಮ್ಮೆ, ಒಂದೊಂದು ಬಿಂದುವನ್ನು ಮೂರು ಮೂರು ನಿಮಿಷ, ಮನೆಯಲ್ಲೇ ಕೂತು ತಮ್ಮ ಬೆರಳಿನಿಂದಲೇ ಒತ್ತಿಕೊಳ್ಳುವುದು. ಆರು ವಾರ ಕಳೆದಾಗ, ಬೇರೆ ಬೇರೆ ಬಿಂದುಗಳನ್ನು ಒತ್ತಿಕೊಂಡ ಎರಡು ಗುಂಪುಗಳಲ್ಲಿ 60 ಶೇಕಡಾಕ್ಕಿಂತ ಹೆಚ್ಚು ಜನರ ಸುಸ್ತು ಮಾಮೂಲಿ ಮಟ್ಟಕ್ಕೆ ಇಳಿದಿತ್ತು. ಮಾಮೂಲಿ ಆರೈಕೆ ಮಾತ್ರ ಸಿಕ್ಕ ಗುಂಪಿನಲ್ಲಿ ಹೀಗಾದದ್ದು 31 ಶೇಕಡಾ. ಇಲ್ಲಿ ಹುಸಿ ಗುಂಪು ಇರಲಿಲ್ಲ ಎಂಬುದು ನೆನಪಿರಲಿ.

2024ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಹೊಸ ಮಾರ್ಗಸೂಚಿ ತಂದಿತು. ಮುಂಚೂಣಿಯಲ್ಲಿ ಇರುವುದು ವ್ಯಾಯಾಮ, ಮಾತಿನ ಚಿಕಿತ್ಸೆ, ಧ್ಯಾನದಂಥ ಅಭ್ಯಾಸ. ಚಿಕಿತ್ಸೆ ಮುಗಿದವರಿಗೆ ಯೋಗ, ಅಕ್ಯುಪ್ರೆಶರ್, ಮಾಚಿಪತ್ರೆ ಜಾತಿಯ ಒಣಸೊಪ್ಪಿನ ಕಾವು ಕೊಡುವುದನ್ನೂ ಸೂಚಿಸಬಹುದು ಎಂದಿದೆ. ಸುಸ್ತಿಗೆ ಸೂಜಿ ಆ ಪಟ್ಟಿಯಲ್ಲಿಲ್ಲ. ಆದರೆ ಸ್ತನ ಕ್ಯಾನ್ಸರ್ ಮಾತ್ರೆಗಳಿಂದ ಬರುವ ಗಂಟುನೋವಿಗೆ ಅದೇ ಸಂಘ 2022ರಲ್ಲಿ ಸೂಜಿಯನ್ನು ಒಪ್ಪಿತ್ತು.

ಬೈಂದೂರಿನಿಂದಲೋ ಬೆಳ್ತಂಗಡಿಯಿಂದಲೋ ಎರಡು ಬಸ್ ಬದಲಾಯಿಸಿ ಬರುವವರಿಗೆ ವ್ಯಾಯಾಮ, ಅಕ್ಯುಪ್ರೆಶರ್‌ನಲ್ಲಿ ಒಂದು ಅನುಕೂಲ ಇದೆ. ಸುಸ್ತಾದ ಜೀವವನ್ನು ವಾರವಾರ ಬಸ್ ಹತ್ತಿಸಬೇಕಾಗಿಲ್ಲ. ಸಂಜೆ ತೋಟದ ಬದಿಯಲ್ಲಿ ಸ್ವಲ್ಪ ನಡೆದಾಡಿ, ಕಲಿತವರಿಂದ ಒಮ್ಮೆ ಬಿಂದು ತೋರಿಸಿಕೊಂಡು ಮನೆಯಲ್ಲೇ ಒತ್ತಿಕೊಂಡರೆ ಖರ್ಚೂ ಇಲ್ಲ.

ಆದರೂ ಸೂಜಿಯೇ ಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ. ವಾಕರಿಕೆ, ಗಂಟುನೋವು ಜೊತೆಗಿದ್ದರೆ ಕಾರಣವೂ ಇದೆ. ಆದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಬೇಕು. ರಕ್ತವೇ ಕಡಿಮೆ ಇದ್ದರೆ ಸೂಜಿ ಚುಚ್ಚಿ ಏನೂ ಆಗುವುದಿಲ್ಲ. ಕೀಮೋ ನಡೆಯುತ್ತಿದ್ದರೆ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣದ ಲೆಕ್ಕ ಕ್ಯಾನ್ಸರ್ ವೈದ್ಯರಿಗೆ ತೋರಿಸಿ ಕೇಳಬೇಕು. ಅವು ಇಳಿದಿದ್ದಾಗ ಚುಚ್ಚಿದರೆ ರಕ್ತಸ್ರಾವ, ಸೋಂಕಿನ ಭಯ ಇದೆ. ಆಪರೇಶನ್ ಆಗಿ ಬಾವು ಬಂದ ಕೈಗೆ ಸೂಜಿ ಹಾಕಿಸಬಾರದು. ಸೂಜಿ ಒಮ್ಮೆ ಬಳಸಿ ಎಸೆಯುವಂಥದ್ದೇ ಆಗಿರಬೇಕು, ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ಕೀಮೋ ಬಿಡಿ, ಇದೊಂದೇ ಸಾಕು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.