ಸ್ಟಾರ್ ಕೊಟ್ಟರೆ ಮಕ್ಕಳು ಓದುತ್ತಾರೆಯೇ?

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಆರನೇ ತರಗತಿ ಮಕ್ಕಳಿಗೆ ಸಂಜೆ ಆನ್‌ಲೈನ್‌ನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕ ಮಾಡಿ ಮೊದಲು ಕಳಿಸಿದ ಐವರಿಗೆ ಸ್ಟಾರ್. ಆರಂಭದಲ್ಲಿ ಎಲ್ಲರೂ ಮುಗಿಬಿದ್ದರು, ಈಗ ಅದೇ ನಾಲ್ಕೈದು ಮಕ್ಕಳು ಉಳಿದಿದ್ದಾರೆ. ಬಹುಮಾನ ದೊಡ್ಡದು ಮಾಡಲೇ?

ಉತ್ತರ: ಬೇಡ. ಮೊದಲು, ಸ್ಟಾರ್ ಯಾರಿಗೆ ಹೋಗುತ್ತಿದೆ ನೋಡಿ. ಅಪ್ಪ ಒಣದ್ರಾಕ್ಷಿ ಶೆಡ್‌ನಿಂದ ರಾತ್ರಿ ಒಂಬತ್ತಕ್ಕೆ ಬಂದ ಮೇಲಷ್ಟೇ ಮೊಬೈಲ್ ಸಿಗುವ ಹುಡುಗಿ ಎಷ್ಟೇ ಚುರುಕಾಗಿದ್ದರೂ ಮೊದಲ ಐವರಲ್ಲಿ ಬರಲಾರಳು. ನಾಲ್ಕು ದಿನ ನೋಡಿ ಕೈಬಿಡುತ್ತಾಳೆ. ‘ಮೊದಲು ಕಳಿಸಿದವರು’ ಎಂಬ ನಿಯಮವನ್ನು ಇಂದೇ ತೆಗೆದುಹಾಕಿ.

ಇನ್ನು ಬಹುಮಾನದ ಮಾತು. ಅಮೆರಿಕದ ಶಿಶುವಿಹಾರವೊಂದರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟ ಬಹುಮಾನದಿಂದ ಇಂಥ ಹಾನಿ ಕಾಣಲಿಲ್ಲ. ಹಾಗೆಂದು ಸ್ಟಾರ್‌ಗಳನ್ನೆಲ್ಲ ಕಸಕ್ಕೆ ಹಾಕಬೇಕಿಲ್ಲ. ಗಣಿತವೆಂದರೆ ಮಾರುದೂರ ಓಡುವ ಮಗುವನ್ನು ಒಮ್ಮೆ ಕೂರಿಸಲು ಸಣ್ಣ ಆಸೆ ತೋರಿಸುವುದರಲ್ಲಿ ತಪ್ಪೇನೂ ಇಲ್ಲ. ಕೂತ ಮೇಲೆ ಅವರನ್ನು ಹಿಡಿದಿಡುವುದು ನಿಮ್ಮ ಮಾತು.

ಒಬ್ಬ ಹುಡುಗ 1/2 + 1/3 = 2/5 ಎಂದು ಬರೆದು ಫೋಟೊ ಕಳಿಸಿದ ಎನ್ನೋಣ. ಕೆಂಪು ಗುರುತು ಹಾಕಿದರೆ ತಪ್ಪಾಗಿದೆ ಎಂದಷ್ಟೇ ಅವನಿಗೆ ತಿಳಿಯುತ್ತದೆ. ಅದರ ಬದಲು ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ: “ಅಂಶಗಳನ್ನೂ ಛೇದಗಳನ್ನೂ ಬೇರೆ ಬೇರೆ ಕೂಡಿಸಿದ್ದೀಯ. ಅರ್ಧ ರೊಟ್ಟಿ ನಿನ್ನ ಹತ್ತಿರ ಇತ್ತು, ಅವ್ವ ಇನ್ನೂ ಒಂದು ಚೂರು ಹಾಕಿದಳು. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಹಾಕಿದ ಮೇಲೆ ಕಡಿಮೆ ಹೇಗಾಯಿತು? ಎರಡಕ್ಕೂ ಛೇದ 6 ಮಾಡಿ ನೋಡು.” ಉತ್ತರ 5/6 ಎಂದು ಹೇಳಿಬಿಡಬೇಡಿ, ಅದು ಅವನ ಪಾಲಿನ ಕೆಲಸ. ತಿದ್ದಿ ಮತ್ತೆ ಕಳಿಸಿದಾಗ ಒಂದು ಸ್ಟಾರ್ ಹಾಕಿ, ಅದಕ್ಕೆ ಬೆಲೆಯಿದೆ.

ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಕಳಿಸಬೇಡಿ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿ ಉಳಿಯಿತು. ಅಂಕವೂ ಜೊತೆಗಿದ್ದಾಗ ಟಿಪ್ಪಣಿಯ ಲಾಭವೇ ಮಾಯವಾಯಿತು. ನಮ್ಮ ಮನೆಗಳಲ್ಲಿ ಇದನ್ನು ಬೇರೆ ಸಾಬೀತು ಮಾಡಬೇಕೇ? ‘ಎಷ್ಟು ಬಂತು?’ ಎಂದು ಕೇಳಿದ ಮೇಲೆ ಎರಡನೆಯ ಪ್ರಶ್ನೆ ಇರುವುದಿಲ್ಲ.

ನಲವತ್ತು ಮಕ್ಕಳಿಗೆ ದಿನವೂ ಹೀಗೆ ಹೇಳುತ್ತ ಕೂತರೆ ನಿಮ್ಮ ಗಂಟಲು ಉಳಿಯುವುದಿಲ್ಲ. ದಿನಕ್ಕೆ ಎಂಟು ಮಕ್ಕಳಂತೆ ಸರದಿ ಮಾಡಿಕೊಳ್ಳಿ. ಒಂದೇ ತಪ್ಪು ಹಲವರಲ್ಲಿ ಕಂಡರೆ ಹೆಸರು ಹೇಳದೆ ಗುಂಪಿಗೇ ಒಂದು ಸಂದೇಶ ಸಾಕು. ರಾತ್ರಿ ಮೊಬೈಲ್ ಸಿಗುವ ಮಕ್ಕಳ ಸರದಿಯನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ.